ದೆಕಿರು, ಅಂದರೆ ಬರುತ್ತದೆ

"ಗುರುಗಳೇ, ಜಪಾನೀ ಭಾಷೆಯಲ್ಲಿ 'ನಾನು ಓದಬಲ್ಲೆ' ಎನ್ನುವುದಕ್ಕೆ 'ಯೋಮು ಕೊತೊ ಗ ದೆಕಿರು' ಎನ್ನುತ್ತಾರೆ. ಇದರಲ್ಲಿ 'ನಾನು' ಇಲ್ಲ, 'ಬಲ್ಲೆ'ಯೂ ಇಲ್ಲ. 'ಓದುವುದು' ಇದೆ, ಕೊನೆಗೆ ಈ 'ದೆಕಿರು' ಇದೆ. ಬಲ್ಲವನು ಎಲ್ಲಿಗೆ ಹೋದ?"

ಹೀಗೆ ಕೇಳಿದ ಶಿಷ್ಯ ಎರಡು ಸಲ ಪರೀಕ್ಷೆಯಲ್ಲಿ ಸೋತಿದ್ದ. ಗುರುಗಳು ಕೊಟ್ಟಿದ್ದ ವ್ಯಾಕರಣದ ಪುಸ್ತಕವನ್ನು ಹಿಂದಿರುಗಿಸಲೆಂದೇ ಅಂದು ಬಂದಿದ್ದ. ಈ ಭಾಷೆ ತನ್ನಿಂದಾಗದು ಎಂದು ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಪ್ರಶ್ನೆ ಕೇಳಿದ್ದು ಹೊರಡುವ ಮುಂಚಿನ ಒಂದು ಸಣ್ಣ ಜಗಳಕ್ಕೆ.

ಗುರುಗಳು ಹೇಳಿದರು: "ದೆಕಿರು ಎಂದು ಬರೆಯುವಾಗ ಅವರು ಎರಡು ಚಿತ್ರಾಕ್ಷರ ಹಾಕುತ್ತಾರೆ. ಒಂದಕ್ಕೆ 'ಹೊರಗೆ' ಎಂದರ್ಥ, ಇನ್ನೊಂದಕ್ಕೆ 'ಬರುವುದು'. ಓದುವುದು ಹೊರಗೆ ಬರುತ್ತದೆ. ನಾವೇನು ಬೇರೆ ಹೇಳುತ್ತೇವೆಯೇ? ನನಗೆ ಈಜು ಬರುತ್ತದೆ, ಅವಳಿಗೆ ಹಾಡು ಬರುತ್ತದೆ. ಮಾತು ಕಲಿತಾಗಿನಿಂದ ನೀನೂ ಹೇಳುತ್ತಿದ್ದೀಯ, ಒಂದು ದಿನವೂ ನಿನ್ನ ಕಿವಿಗೆ ಬೀಳಲಿಲ್ಲ. ಹೋಗಲಿ, ಒಂದು ಕತೆ ಕೇಳು."

ಒಬ್ಬ ಮೇದರ ಹೆಂಗಸು. ಊರಿನ ಮದುವೆಗಳಿಗೆಲ್ಲ ಬಾಗಿನದ ಮೊರ ಅವಳ ಕೈಯದೇ. ಏಳು ತಿಂಗಳ ನಂತರಕ್ಕೆ ಅವಳ ಮಗಳ ಮದುವೆ ನಿಶ್ಚಯವಾಯಿತು. ಅದೇ ವಾರ ಅವಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಊರಿಗೆಲ್ಲ ಮೊರ ಹೆಣೆದವಳು ಮಗಳಿಗೆ ಸಂತೆಯ ಮೊರ ಕೊಡಬೇಕಾಯಿತಲ್ಲ ಎಂದು ಅವಳು ಅತ್ತಳು.

ಅತ್ತು ಮುಗಿದ ಮೇಲೆ, ದಿನವೂ ಬೆಳಿಗ್ಗೆ ಬಿದಿರಿನ ಸೀಳುಗಳನ್ನು ಮುಂದಿಟ್ಟುಕೊಂಡು ತನ್ನ ಹಳೆಯ ಜಾಗದಲ್ಲಿ ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ ಸೀಳಿನ ಮೇಲಿಡುವಳು. ಅದು ಜಾರುವುದು. ಮತ್ತೆ ಎತ್ತಿಡುವಳು.

ನೆರೆಮನೆಯ ಕುಂಬಾರ ನೋಡಿ ನೋಡಿ ತಡೆಯಲಾರದೆ ಹೇಳಿದ: "ಬರ್ತಿದ್ದದ್ದು ಹೋಯ್ತು ಕಣಕ್ಕ. ಸುಮ್ನೆ ಯಾಕೆ ಜೀವ ತೇಯ್ತೀಯ?"

"ಹೋಗಿದ್ರೆ ಹೋಗ್ಲಿ ಬಿಡಪ್ಪ. ಒಂದ್ಸಲ ಬಂದಿತ್ತಲ್ಲ, ಅದಕ್ಕೆ ದಾರಿ ಗೊತ್ತೈತೆ. ತಿರುಗಿ ಬಂದಾಗ ನಾನೇ ಈ ಜಾಗದಾಗೆ ಇಲ್ದಿದ್ರೆ?"

ಬಾಗಿನಕ್ಕೆ ಎರಡು ಮೊರ ಬೇಕು, ಒಂದರ ಮೇಲೊಂದು ಮುಚ್ಚಲು. ಮದುವೆಯ ಹೊತ್ತಿಗೆ ಅವಳ ಕೈಯಿಂದ ಹೊರಗೆ ಬಂದದ್ದು ಒಂದೇ. ಅದರ ಅಂಚು ಸೊಟ್ಟ. ಇನ್ನೊಂದನ್ನು ಸಂತೆಯಿಂದ ತಂದರು. ಮಗಳು ಸೊಟ್ಟ ಮೊರವನ್ನೇ ಎಲ್ಲರಿಗೂ ಕಾಣುವಂತೆ ಮೇಲಿಟ್ಟಳು.

ಕತೆ ಮುಗಿಯಿತು. ಶಿಷ್ಯ ಪುಸ್ತಕವನ್ನು ಗುರುಗಳ ಮುಂದಿಟ್ಟ. ಆದರೆ ಕೈ ಅದರ ಮೇಲೆಯೇ ಇತ್ತು.

"ಅವಳಿಗೆ ಒಮ್ಮೆಯಾದರೂ ಬಂದಿತ್ತು, ಗುರುಗಳೇ. ನನಗೆ ಬಂದೇ ಇಲ್ಲವಲ್ಲ."

"ಹಾಗಾದರೆ ಪಾಪ, ಅದಕ್ಕೆ ದಾರಿ ಗೊತ್ತಿಲ್ಲ, ಪುಸ್ತಕ ಇಲ್ಲೇ ಬಿಟ್ಟುಹೋಗು, ಆದರೆ ನಾಳೆ ಆ ಭಾಷೆ ನಿನ್ನನ್ನು ಹುಡುಕಿಕೊಂಡು ಬಂದರೆ ಯಾವ ವಿಳಾಸ ಕೊಡಲಿ, ಅದೊಂದು ಹೇಳಿ ಹೋಗು."