ಮೇಜರ್ ತೆರವು ಮಾಡಿದ ಗೂಡು

ಅನಾಥ ಪ್ರಾಣಿಗಳ ಆಶ್ರಯವೊಂದರಲ್ಲಿ ಮೇಜರ್ ಎಂಬ ಜಾತಿನಾಯಿ ಇದ್ದ. ಅವನ ಯಜಮಾನ ಅವನನ್ನು ಅಲ್ಲಿನ ಗೇಟಿಗೆ ಕಟ್ಟಿಹಾಕಿ ಹೋಗಿ ಎರಡು ತಿಂಗಳಾಗಿತ್ತು. ಸಾಕಲು ನಾಯಿ ಬೇಕೆಂದು ಯಾರೇ ಬಂದರೂ ಮೇಜರ್ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಒಂದು ಬೆಳಿಗ್ಗೆ ಪಕ್ಕದ ಗೂಡಿನ ಬೀದಿನಾಯಿ ಕೆಂಚಿ ಕೇಳಿದಳು, "ಬಂದವರಿಗೆಲ್ಲ ಬೆನ್ನು ತೋರಿಸುತ್ತೀರಲ್ಲ, ಏಕೆ?"

"ನನ್ನ ಯಜಮಾನರು ಬರುತ್ತಾರೆ. ನಾನು ನಿಯತ್ತಿನ ನಾಯಿ."

"ನಿಮ್ಮ ನಿಯತ್ತು ದೊಡ್ಡದು, ಸ್ವಾಮಿ. ಆದರೆ ಇಲ್ಲಿರುವುದು ಹನ್ನೆರಡೇ ಗೂಡು. ಹೊರಗೆ ಬುಟ್ಟಿಯಲ್ಲಿ ಒಂದು ಮರಿ ಬಂದಿದೆ. ಸಂಜೆಯೊಳಗೆ ಜಾಗ ಸಿಗದಿದ್ದರೆ ಡಾಕ್ಟರು ಅದಕ್ಕೆ ಸೂಜಿ ಚುಚ್ಚುತ್ತಾರೆ. ಆ ಸೂಜಿ ಚುಚ್ಚಿಸಿಕೊಂಡವರು ಮತ್ತೆ ಏಳುವುದಿಲ್ಲ."

"ಹಾಗಿದ್ದರೆ ನೀನೇ ಯಾರ ಜೊತೆಗಾದರೂ ಹೋಗಬಾರದೇ?"

"ಬಂದವರಿಗೆಲ್ಲ ಬಾಲ ಅಲ್ಲಾಡಿಸಿ ನೋಡಿದೆ. ಮೂರು ಕಾಲಿನವಳು ಯಾರಿಗೂ ಬೇಡ. ನಿಮ್ಮನ್ನಾದರೆ ಎಲ್ಲರೂ ಕೇಳುತ್ತಾರೆ."

ಮಧ್ಯಾಹ್ನ ಬಟ್ಟೆ ಹೊಲಿಯುವ ಫಿಲೋಮಿನಾ ಎಂಬಾಕೆ ಬಂದು ಗೂಡುಗಳ ಮುಂದೆ ನಿಂತರು. ಮೇಜರ್ ಎದ್ದುಹೋಗಿ, ಸರಳಿನ ಸಂದಿಯಿಂದ ಆಕೆಯ ಕೈ ನೆಕ್ಕಿದ. ಯಜಮಾನನನ್ನು ಅವನು ಮರೆತಿರಲಿಲ್ಲ. ಆದರೂ ನೆಕ್ಕಿದ.

ಆಕೆ ಅವನನ್ನೇ ಆರಿಸಿಕೊಂಡು ಹೊರಗೆ ಕರೆತಂದ ಕೂಡಲೇ ಆಶ್ರಯದ ಆಳು ಮರಿಯನ್ನು ತಂದು ಅದೇ ಗೂಡಿಗೆ ಬಿಟ್ಟ. ಮೇಜರ್ ಒಂದು ಕ್ಷಣ ನಿಂತು ಕೆಂಚಿಯನ್ನು ಕೇಳಿದ, "ನನ್ನ ಯಜಮಾನರು ಹುಡುಕಿಕೊಂಡು ಬಂದರೆ?"

ಕೆಂಚಿ ಹೇಳಿದಳು, "ಬಂದರೆ, ನೀವು ಮನೆಗೆ ಹೋದಿರಿ ಎಂದು ಹೇಳುತ್ತೇನೆ."