ಹುಲಿಗೆವ್ವನ ಮುಚ್ಚಿದ ಬುಟ್ಟಿ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಎರೆಗಲ್ಲು ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲು. ನಡುವೆ ಒಂದು ದೊಡ್ಡ ಕೆರೆ. ಕೆರೆಯ ದಂಡೆಯಲ್ಲಿ ಮೂವತ್ತು ಗುಡಿಸಲಿನ ಒಂದು ಹಟ್ಟಿ. ಮೀನು ಹಿಡಿಯುವುದು, ಬೇಟೆಯಾಡುವುದು, ಇದೇ ಅವರ ಬದುಕು.

ಆ ಹಟ್ಟಿಯಲ್ಲಿ ಹುಲಿಗೆವ್ವ ಅಂತ ಒಬ್ಬಾಕೆ ಇದ್ದಳು. ಬಲೆ ಬೀಸಿದರೆ ಬಲೆ ಹೂವಿನ ಹಾಗೆ ಅರಳಿ ಬೀಳುತ್ತಿತ್ತು. ಹೆಜ್ಜೆ ನೋಡಿದರೆ ಸಾಕು, ಪ್ರಾಣಿ ಯಾವುದು, ಯಾವ ಹೊತ್ತಿನಲ್ಲಿ ಹೋಯಿತು, ಹೊಟ್ಟೆ ತುಂಬಿತ್ತೋ ಹಸಿದಿತ್ತೋ, ಎಲ್ಲಾ ಹೇಳುತ್ತಿದ್ದಳು.

ಪ್ರತಿವರ್ಷ ಕಾರ್ತಿಕ ಕಳೆಯುತ್ತಾ ಬಂದು, ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಚಳಿ ಕಾಲಿಟ್ಟಾಗ ರಾಜ ಜಟಂಗಿರಾಯ ಅಲ್ಲಿಗೆ ಬರುತ್ತಿದ್ದ. ಕೆರೆಯ ಹತ್ತಿರ ಡೇರೆ ಹೊಡೆಸಿ ಮೂರು ದಿನ ಬೇಟೆಯಾಡುತ್ತಿದ್ದ. ದಿನವೂ ಸಂಜೆ ಡಂಗುರದವನು ಆವತ್ತಿನ ಗಟ್ಟಿ ಬೇಟೆಗಾರನ ಹೆಸರು ಕೂಗುತ್ತಿದ್ದ. ಯಾರ ಹೆಸರು ಹೆಚ್ಚು ಸಲ ಕೂಗಿದನೋ ಅವರಿಗೆ ಆ ವರ್ಷ ಕೆರೆಯ ಮೀನು. ಅದು ರಾಜನ ಮಾತು.

ರಾಜನ ಬೇಟೆನಾಯಕ ಅಂಕರಸ. ಅವನಿಗೆ ಆ ಕೆರೆಯ ಮೇಲೆ ಕಣ್ಣಿತ್ತು. ಆದರೆ ಬಲೆ ಬೀಸಲು ಬಾರದು, ಹೆಜ್ಜೆ ಓದಲು ಬಾರದು. ಅವನಿಗೆ ಬರುತ್ತಿದ್ದದ್ದು ಒಂದೇ, ಡೇರೆಯ ಬಾಗಿಲು ಕಾಯುವುದು. "ಬೇಟೆ ಏನಿದ್ದರೂ ನನ್ನ ಕೈಯಿಂದಲೇ ದೊರೆಗೆ ಹೋಗಬೇಕು" ಅಂತ ಕಟ್ಟಳೆ ಮಾಡಿದ್ದ.

ಮೊದಲನೇ ದಿನ. ಚಳಿಗೆ ಮೀನೆಲ್ಲ ತಳ ಹಿಡಿದಿದ್ದವು. ಬೆಳಗಿನಿಂದ ಬಲೆ ಬೀಸಿದವರೆಲ್ಲ ಬರಿಗೈಲಿ ಬಂದರು. ಹುಲಿಗೆವ್ವ ಸುಮ್ಮನೆ ಕೂತಳು. ಬಿಸಿಲು ನೆತ್ತಿಗೇರಿ ದಂಡೆಯ ನೀರು ಬೆಚ್ಚಗಾದ ಮೇಲೆ ಎದ್ದು ಒಂದೇ ಸಲ ಬೀಸಿದಳು. ಆಳುದ್ದದ ಬಾಳೆಮೀನು ಬಿತ್ತು. ಓರಗಿತ್ತಿಯರಿಬ್ಬರು ಕೈಗೂಡಿಸಿ ಎಳೆದರು. ಹುಲಿಗೆವ್ವ ಅದನ್ನು ಹೊತ್ತು ತಂದು ಅಂಕರಸನ ಮುಂದೆ ಇಟ್ಟಳು.

"ನನ್ನ ಹೆಸರು ಹೇಳ್ರಿ ಧಣಿ."

"ಹೇಳ್ತೀನಿ, ಹೋಗು."

ಒಳಗೆ ಹೋಗಿ ಅಂಕರಸ ಹೇಳಿದ್ದೇ ಬೇರೆ. "ಮಹಾಪ್ರಭು, ನೀರಿಗೆ ಧುಮುಕಿ ಬರಿಗೈಲಿ ಹಿಡಿದೆ." ಸಂಜೆ ಡಂಗುರದವನು ಅಂಕರಸನ ಹೆಸರು ಕೂಗಿದ.

ಎರಡನೇ ದಿನ. ಹುಲ್ಲಿನಾಚೆಯ ಊರಿನವರ ಜೋಳದ ಹೊಲ ಹಾಳು ಮಾಡುತ್ತಿದ್ದ ಕಾಡುಹಂದಿಯ ಜಾಡು ಹಿಡಿದು ಹುಲಿಗೆವ್ವ ಹಳ್ಳಕ್ಕಿಳಿದಳು. ಹಟ್ಟಿಯವರನ್ನು ಗಾಳಿಯ ದಿಕ್ಕು ನೋಡಿ ನಿಲ್ಲಿಸಿದಳು. ಹಂದಿ ನುಗ್ಗಿ ಬಂದಾಗ ಕಾಲು ಕದಲಿಸದೆ ಈಟಿ ಊರಿ ನಿಂತಳು. ಹಂದಿ ಉರುಳಿತು.

"ಇವತ್ತಾದರೂ ನನ್ನ ಹೆಸರು ಹೇಳ್ರಿ ಧಣಿ."

"ಹೇಳ್ತೀನಿ, ಹೋಗು."

ಒಳಗೆ ಹೋಗಿ, "ಮಹಾಪ್ರಭು, ಕೋರೆ ಹಿಡಿದು ಕೆಡವಿದೆ" ಅಂದ. ಸಂಜೆ ಮತ್ತೆ ಅಂಕರಸನ ಹೆಸರೇ.

ಹಟ್ಟಿಯಲ್ಲಿ ಯಾರಿಗೂ ಊಟ ಸೇರಲಿಲ್ಲ. "ಕೆರೆ ಹೋದರ ನಮ್ಮ ಮಕ್ಕಳು ಏನು ತಿಂತಾವ ಹುಲಿಗೆವ್ವ?" ಅಂತ ಅತ್ತೆ ಕೇಳಿದಳು.

"ಅತ್ತೀ, ಕೈ ನಂದು. ಹೆಸರು ಅವನದು ಎಷ್ಟು ದಿನ ಆದೀತು? ನಾಳೆ ಒಂದು ದಿನ ಐತಲ್ಲ, ಅವನ ಸುಳ್ಳು ಬಯಲಿಗೆ ಬಂದೀತು" ಅಂದಳು ಹುಲಿಗೆವ್ವ.

ಮೂರನೇ ದಿನ ಬೆಳಿಗ್ಗೆ ರಾಜ ತನ್ನ ಪ್ರೀತಿಯ ಗಿಡುಗವನ್ನು ಒಂದು ಕೌಜುಗದ ಮೇಲೆ ಬಿಟ್ಟ. ಗಾಳಿ ಜೋರಾಯಿತು. ಹೋದ ಗಿಡುಗ ತಿರುಗಿ ಬರಲಿಲ್ಲ. ರಾಜ ಊಟ ಬಿಟ್ಟು ಡೇರೆಯ ಹೊರಗೆ ಕೂತು ಆಕಾಶ ನೋಡತೊಡಗಿದ. ಪಾಳೆಯಕ್ಕೆ ಪಾಳೆಯವೇ ಹುಲ್ಲಿನಲ್ಲಿ ಹುಡುಕುತ್ತಿತ್ತು. ಅಂಕರಸನಿಗೆ ಮಾತ್ರ ಇದು ಗೊತ್ತೇ ಇಲ್ಲ. ಹಂದಿ ಮಾಂಸ ಉಂಡು ಮಲಗಿದವನು ಹೊತ್ತು ಇಳಿಯುವವರೆಗೆ ಗೊರಕೆ ಹೊಡೆದ.

ದೂರದಲ್ಲಿ ಕಾಗೆಗಳು ಒಂದೇ ಸಮನೆ ಕೂಗುವುದು ಹುಲಿಗೆವ್ವನ ಕಿವಿಗೆ ಬಿತ್ತು. ಕಾಗೆ ಹಾಗೆ ಕೂಗಿದರೆ ನಡುವೆ ಗಿಡುಗ ಇರಲೇಬೇಕು. ಹೋಗಿ ನೋಡಿದರೆ ಜಾಲಿ ಮರದ ಮುಳ್ಳಿಗೆ ಕಾಲಿನ ತೊಗಲದಾರ ಸಿಕ್ಕಿ ಗಿಡುಗ ಒದ್ದಾಡುತ್ತಿತ್ತು. ಮೈಯೆಲ್ಲ ಗೀರಿಸಿಕೊಂಡು ಮರ ಹತ್ತಿ, ಬಿಡಿಸಿ, ಬುಟ್ಟಿಯಲ್ಲಿಟ್ಟು ಬಟ್ಟೆ ಕಟ್ಟಿದಳು. ಬುಟ್ಟಿಯೊಳಗೆ ಕತ್ತಲಾದದ್ದೇ ತಡ, ಗಿಡುಗ ತೆಪ್ಪಗೆ ಕೂತಿತು.

ಅವಳು ಬುಟ್ಟಿ ಹೊತ್ತು ಬಂದಾಗ ಅಂಕರಸ ಆಗಷ್ಟೇ ಕಣ್ಣುಜ್ಜಿಕೊಂಡು ಎದ್ದಿದ್ದ. "ಏನದು?"

"ಹಕ್ಕಿ ಧಣಿ. ದೊರೆಗೇ ಸಲ್ಲಬೇಕಾದ ಹಕ್ಕಿ."

"ಇತ್ತ ಕೊಡು."

ಹುಲಿಗೆವ್ವ ಕೊಟ್ಟಳು. ಈ ಸಲ ತನ್ನ ಹೆಸರು ಹೇಳು ಅನ್ನಲಿಲ್ಲ. "ಇಂಥಾ ಬೇಟೆ ಮಂದಿ ಮುಂದ ಒಪ್ಪಿಸಬೇಕ್ರಿ. ಎಲ್ಲಾರೂ ನಿಮ್ಮನ್ನ ನೋಡಲಿ" ಅಂದಳು.

ಅಂಕರಸ ಉಬ್ಬಿಹೋದ. ಬುಟ್ಟಿ ಎತ್ತಿಕೊಂಡು ಬಯಲಿಗೆ ಬಂದ. ರಾಜನ ಮುಂದೆ ಬಾಗಿ, "ಮಹಾಪ್ರಭು, ಇವತ್ತಿನ ಬೇಟೆ. ಮುಗಿಲಲ್ಲಿ ಹಾರುತ್ತಿತ್ತು. ಒಂದೇ ಬಾಣ ಬಿಟ್ಟೆ, ಎದೆಗೆ ನಾಟಿತು, ದೊಪ್ಪನೆ ಬಿತ್ತು" ಅಂದ.

ರಾಜನ ಮುಖ ಬಿಳುಚಿತು. "ಬಿಚ್ಚು" ಅಂದ.

ಬಟ್ಟೆ ಬಿಚ್ಚಿದರೆ ಕಾಲಿನ ಗೆಜ್ಜೆ ಘಲ್ಲೆಂದಿತು. ರಾಜನ ಗಿಡುಗ ರೆಕ್ಕೆ ಕೊಡವಿ ನೆಟ್ಟಗೆ ಹೋಗಿ ಅವನ ಮುಂಗೈ ಮೇಲೆ ಕೂತಿತು. ಒಂದು ಗರಿಯೂ ಮುಕ್ಕಾಗಿರಲಿಲ್ಲ.

"ಅಂಕರಸ, ನನ್ನ ಗಿಡುಗಕ್ಕೆ ಬಾಣ ಬಿಟ್ಟೆಯಾ?"

ಹೌದು ಅಂದರೆ ತಲೆ ಹೋಗುತ್ತದೆ. ಅಂಕರಸ, "ಇಲ್ಲ ಮಹಾಪ್ರಭು, ನಾನು ಬಿಡಲಿಲ್ಲ" ಅಂದ.

"ಹಾಗಾದರೆ ಇದನ್ನು ತಂದವರು ಯಾರು?"

"ಅವಳು" ಅಂತ ಬೆರಳು ತೋರಿಸಿದ.

"ಹಂದಿ ಹೊಡೆದವರು?"

"ಅವಳು."

"ಮೀನು ಹಿಡಿದವರು?"

"ಅವಳೇ ಮಹಾಪ್ರಭು."

ರಾಜ ಕೈಯ ಕಡಗ ಬಿಚ್ಚಿದ. "ತಗೋ ತಾಯಿ, ಇದು ನಿನ್ನದು."

ಹುಲಿಗೆವ್ವ ಕೈ ಮುಗಿದಳು, ತಲೆ ಮಾತ್ರ ತಗ್ಗಿಸಲಿಲ್ಲ. "ಕಡಗ ನಿಮ್ಮ ಕೈಯಾಗೇ ಇರಲಿ ದೊರೆ. ನಮ್ಮ ಹೆಸರು ನಮಗ ಕೊಡಿಸ್ರಿ. ಬಲೆ ಎಳೆದೋರು ನನ್ನ ಓರಗಿತ್ತಿಯರು. ಹಂದಿಗೆ ಅಡ್ಡ ನಿಂತೋರು ಹಟ್ಟಿ ಮಂದಿ. ಅವರದೂ ಕೂಗಿಸ್ರಿ."

ರಾಜ ಡಂಗುರವನ್ನು ತೆಗೆದು ಅಂಕರಸನ ಕೊರಳಿಗೆ ಹಾಕಿದ. "ನೀನೇ ಕೂಗು. ಒಂದೊಂದು ಡೇರೆಯ ಮುಂದೂ ಮೂರು ಮೂರು ಸಲ."

ಅಂಕರಸ ಡೇರೆಯಿಂದ ಡೇರೆಗೆ ಡಂಗುರ ಬಡಿಯುತ್ತಾ ಹೋದ. "ಮೀನು ಹಿಡಿದವಳು ಹುಲಿಗೆವ್ವ! ಹಂದಿ ಕೆಡವಿದವಳು ಹುಲಿಗೆವ್ವ! ಗಿಡುಗ ಉಳಿಸಿದವಳು ಹುಲಿಗೆವ್ವ! ಜೊತೆಗೆ ನಿಂತವರು ಕೆರೆದಂಡೆಯ ಹಟ್ಟಿಯವರು!" ಅತ್ತೆ ಸೊಸೆಯ ಪಕ್ಕದಲ್ಲಿ ಸೊಂಟ ನೆಟ್ಟಗೆ ಮಾಡಿ ನಿಂತು, ಕೊನೆಯ ಡೇರೆಯವರೆಗೂ ಒಂದು ಮಾತು ಬಿಡದೆ ಕೇಳಿದಳು. ಕೆರೆಯ ಮೀನು ಆ ವರ್ಷ ಹಟ್ಟಿಗೇ ಉಳಿಯಿತು. ಬಾಗಿಲು ಕಾಯುವ ಕೆಲಸದಿಂದ ಅಂಕರಸನನ್ನು ರಾಜ ಬಿಡಿಸಿದ.

ತಿಳಿಯಿತೇ ಮಕ್ಕಳೇ? ಇನ್ನೊಬ್ಬರ ದುಡಿಮೆಗೆ ತನ್ನ ಹೆಸರು ಅಂಟಿಸಿಕೊಂಡವನು ಒಂದು ದಿನ ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ. ದುಡಿದವರು ತಮ್ಮ ಹೆಸರನ್ನು ತಲೆಯೆತ್ತಿ ಕೇಳಿ ಪಡೆಯಬೇಕು, ಜೊತೆಗೆ ದುಡಿದವರ ಹೆಸರನ್ನು ಮರೆಯಬಾರದು.