ನೀಲಿ ನೀರಿನ ಕಂಪ್ಯೂಟರ್

ಹೊಸಪೇಟೆಯಲ್ಲಿ ಕೊಟ್ರೇಶ ಮತ್ತು ಅವನ ಹೆಂಡತಿ ಹಂಪಮ್ಮ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಸ್ಟುಡಿಯೋ ನಡೆಸುತ್ತಿದ್ದರು. ಅವರ ಕಂಪ್ಯೂಟರನ್ನು ತಂಪಾಗಿಡಲು ಒಳಗೆ ನೀರಿನ ಏರ್ಪಾಡಿತ್ತು. ಸಣ್ಣ ಪಂಪೊಂದು ಪಾರದರ್ಶಕ ಪೈಪುಗಳಲ್ಲಿ ನೀರನ್ನು ಸುತ್ತಿಸುತ್ತಿತ್ತು. ನೋಡಲು ಚೆಂದವೆಂದು ಕೊಟ್ರೇಶ ಆ ನೀರಿಗೆ ಮಿನುಗುವ ನೀಲಿ ಬಣ್ಣ ಬೆರೆಸುತ್ತಿದ್ದ. ಬಂದವರೆಲ್ಲ ಬೆರಗಾಗಿ ನೋಡುತ್ತಿದ್ದರು.

ಒಮ್ಮೆ ಸುವರ್ಣ ಎಂಬ ಮದುಮಗಳು ತನ್ನ ಮದುವೆಯ ವಿಡಿಯೋ ಎಡಿಟ್ ಮಾಡಿಸಲು ಬಂದಳು. "ಅಣ್ಣಾ, ನಮ್ಮಜ್ಜಿ ಕಾಲು ಮುರಕೊಂಡು ಮಲಗ್ಯಾಳ, ಮದುವಿಗೆ ಬರಲಿಲ್ಲ. ಶುಕ್ರವಾರ ನಾನು ಗಂಡನ ಮನಿಗೆ ಹೊಂಟೀನಿ. ಅಷ್ಟರೊಳಗ ಅಜ್ಜಿ ಪಕ್ಕ ಕೂತು ಮದುವಿ ತೋರಿಸ್ಬೇಕು."

ಕೊಟ್ರೇಶ ಒಪ್ಪಿಕೊಂಡ. ಆದರೆ ಕೆಲಸದ ನಡುವೆ ಕಂಪ್ಯೂಟರ್ ಕಾದು ತಾನಾಗಿಯೇ ಆಫ್ ಆಯಿತು. ನೀರು ಕೊಳೆಯಾಗಿರಬೇಕೆಂದು ಅವನು ಹಳೆ ನೀರು ಚೆಲ್ಲಿ, ಹೊಸ ನೀರು ತುಂಬಿ, ಬಣ್ಣ ಬೆರೆಸಿದ. ಸ್ವಲ್ಪ ಹೊತ್ತು ಓಡಿ ಮತ್ತೆ ಆಫ್ ಆಯಿತು. ಇನ್ನೊಮ್ಮೆ ನೀರು ಬದಲಿಸಿದ. ಮತ್ತೆ ಅದೇ ಕಥೆ.

ಮತ್ತೊಮ್ಮೆ ನೀರು ತೆಗೆಯಲು ಹೊರಟವನನ್ನು ಹಂಪಮ್ಮ ತಡೆದಳು.

"ತಡೀರಿ. ಹೊಸ ನೀರು ಇಷ್ಟು ಬೇಗ ಹೆಂಗ ಕೆಟ್ಟಿತು?"

"ಒಳಗ ಕೊಳೆ ಕೂತಿರ್ತೈತಿ."

"ಪೈಪು ಎಲ್ಲಾ ಕಡೆ ಮುಚ್ಚೇ ಐತಲ್ಲ. ಕೊಳೆ ಎಲ್ಲಿಂದ ಬಂತು?"

"ಇದನ್ನೆಲ್ಲ ಹುಡುಕ್ತಾ ಕೂತ್ರ ಶುಕ್ರವಾರ ಬಂದೇಬಿಡ್ತೈತಿ!" ಎಂದು ಕೊಟ್ರೇಶ ರೇಗಿದ.

"ಹುಡುಕದಿದ್ರೂ ಬರ್ತೈತಿ. ಬಿಚ್ಚಿ ನೋಡೋಣ ಬರ್ರಿ."

ಅವಳ ಮಾತು ಅವನ ಮನಸ್ಸನ್ನೂ ಕೊರೆಯತೊಡಗಿತು. ಹೌದಲ್ಲ, ಎಲ್ಲಿಂದ ಬಂತು? ಹಂಪಮ್ಮ ಚೆಲ್ಲಬೇಕಿದ್ದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದಳು. ಕೊಟ್ರೇಶ ಬಿಸಿ ಹೀರುವ ತಾಮ್ರದ ಬಿಲ್ಲೆಯನ್ನು ಬಿಚ್ಚಿದ. ಅದರೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕೆಸರು ಕಟ್ಟಿತ್ತು. ನೀರು ಹಾಯಲು ದಾರಿಯೇ ಇರಲಿಲ್ಲ. ಅವನು ಆ ಕೆಸರನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದ. ಅದು ನೀಲಿಯಾಗಿ ಮಿನುಗಿತು. ಬಟ್ಟೆಯ ಮೇಲೂ ಅದೇ ನೀಲಿ.

"ಇದು ಹೊರಗಿಂದ ಬಂದಿದ್ದಲ್ಲ," ಎಂದ ಮೆಲ್ಲಗೆ. "ನಾನೇ ಸುರಿದದ್ದು. ತೊಳೆದಾಗೆಲ್ಲ ಮತ್ತ ಸುರಿದೀನಿ."

ಹಂಪಮ್ಮ ಹಂಗಿಸಲಿಲ್ಲ. ಮೆತ್ತನೆಯ ಬ್ರಷ್ ತಂದುಕೊಟ್ಟಳು. ಇಬ್ಬರೂ ಸೇರಿ ಬಿಲ್ಲೆಯ ಸಂದುಗಳನ್ನು ತಿಕ್ಕಿದರು. ಪೈಪುಗಳಲ್ಲಿ ಶುದ್ಧ ನೀರು ಹಾಯಿಸಿದರು. ಹೊರಬಂದ ನೀರು ತಿಳಿಯಾಗುವವರೆಗೂ ಬಿಡಲಿಲ್ಲ. ಮತ್ತೆ ಜೋಡಿಸಿ, ಬಣ್ಣವಿಲ್ಲದ ದ್ರವ ತುಂಬಿ, ಮೊದಲು ಪಂಪನ್ನು ಮಾತ್ರ ಓಡಿಸಿ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡರು. ಆಮೇಲೆ ಕಂಪ್ಯೂಟರ್ ಶುರು ಮಾಡಿದರು. ಕೆಲಸ ಮುಗಿಯುವವರೆಗೂ ಅದು ಆಫ್ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುವರ್ಣ ಅಜ್ಜಿಯ ಮಂಚದ ಮೇಲೆ ಕೂತು ವಿಡಿಯೋ ಹಚ್ಚಿದಳು. ಅದರಲ್ಲಿ ಹಾರ ಹಾಕುವ ಹೊತ್ತಿಗೆ ಮದುಮಗ ಜೋರಾಗಿ ಸೀನಿದ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಇನ್ನೊಮ್ಮೆ ಸೀನಿಸವ್ವಾ ಅವನ್ನ!" ಎಂದಳು.

ನೀತಿ: ಕೊಳೆಯನ್ನು ತೊಳೆದರಷ್ಟೇ ಸಾಲದು, ಅದು ಬಂದ ದಾರಿಯನ್ನೂ ಹುಡುಕಬೇಕು. ಹುಡುಕುತ್ತಾ ಹೋದಾಗ ಆ ದಾರಿ ನಮ್ಮ ಕೈಗೇ ಬಂದು ನಿಂತರೆ, ಒಪ್ಪಿಕೊಳ್ಳಲು ಅಂಜಬಾರದು.